ಶಾಲೆಯ ಶೌಚಾಲಯ, ಆಸಿಡ್ ಮತ್ತು ಫಿನಾಯಿಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರ ಶಾಲೆಯಲ್ಲಿ ಪ್ರತಿ ಶನಿವಾರ ಶೌಚಾಲಯಕ್ಕೆ ಆಸಿಡ್ ಸುರಿದು, ಅದರ ಮೇಲೆಯೇ ಬ್ಲೀಚಿಂಗ್ ಪುಡಿ ಉದುರಿಸಿ ತಿಕ್ಕುತ್ತಾರೆ. ಎರಡೂ ಸೇರಿದರೆ ಚೆನ್ನಾಗಿ ಸ್ವಚ್ಛವಾಗುತ್ತದಂತೆ. ತೊಳೆಯುವಾಕೆಗೆ ಕಣ್ಣುರಿ, ಕೆಮ್ಮು. ಇದು ಸಹಜವೇ?
(ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯೆ, ಹಾವೇರಿ ಜಿಲ್ಲೆ)

ಉತ್ತರ: ಖಂಡಿತ ಅಲ್ಲ. ಈ ಶನಿವಾರದಿಂದಲೇ ನಿಲ್ಲಿಸಿ. ಶೌಚಾಲಯದ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪುಡಿಗೆ ತಗುಲಿದ ಕೂಡಲೇ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲ ನೆಲದ ಹತ್ತಿರವೇ ನಿಲ್ಲುತ್ತದೆ. ಬಗ್ಗಿ ತಿಕ್ಕುವವರ ಮುಖ ಇರುವುದೂ, ಒಂದನೇ ತರಗತಿಯ ಮಗು ಉಸಿರಾಡುವುದೂ ಆ ಮಟ್ಟದಲ್ಲೇ. ಕಣ್ಣು, ಗಂಟಲು, ಶ್ವಾಸನಾಳಗಳ ತೇವದೊಂದಿಗೆ ಸೇರಿ ಅದು ಆಮ್ಲವಾಗುತ್ತದೆ, ಒಳಪದರವನ್ನು ಸುಡುತ್ತದೆ. ಹೆಚ್ಚು ಒಳಹೋದರೆ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆದ್ದರಿಂದ ಕೆಮ್ಮು ನಿಂತಿತೆಂದು ಸುಮ್ಮನಾಗದೆ ಅಂದು ರಾತ್ರಿಯವರೆಗೂ ಗಮನಿಸಬೇಕು. ಏದುಸಿರು, ಎದೆ ಬಿಗಿತ ಕಂಡರೆ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಮಾಡಿ ಲಾಭವೂ ಇಲ್ಲ. ರೋಗಾಣು ಕೊಲ್ಲಬೇಕಾದ ಕ್ಲೋರಿನ್ ಗಾಳಿಪಾಲಾಗುತ್ತದೆ. ಆಸಿಡ್ಡಿನ ಕೆಲಸ ಗಡಸು ನೀರಿನ ಮತ್ತು ಮೂತ್ರದ ಗಟ್ಟಿ ಕಲೆ ಕರಗಿಸುವುದು, ಬ್ಲೀಚಿಂಗಿನ ಕೆಲಸ ರೋಗಾಣು ಕೊಲ್ಲುವುದು. ಎರಡನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ, ನಡುವೆ ಧಾರಾಳವಾಗಿ ನೀರು ಹಾಯಿಸಿ. ಒಣಗಿದ ಮೂತ್ರದ ಮೇಲೂ ನೇರವಾಗಿ ಬ್ಲೀಚಿಂಗ್ ಹಾಕಬೇಡಿ. ಮೂತ್ರದ ಅಮೋನಿಯಾ ಕ್ಲೋರಿನ್ನಿನೊಂದಿಗೆ ಸೇರಿ ಕ್ಲೋರಮೈನ್ ಅನಿಲವಾಗುತ್ತದೆ, ಅದೂ ಉಸಿರನ್ನು ಕೆಡಿಸುತ್ತದೆ.

ಆಸಿಡ್ ಬಗ್ಗೆ ಇನ್ನೊಂದು ಮಾತು. ಅದು ಸಿಮೆಂಟಿನ ಸಂದುಗಳನ್ನು ತಿನ್ನುತ್ತದೆ. ಬಿರುಕಿಗೆ ಮೂತ್ರ ಇಳಿದು ವಾಸನೆ ಹೆಚ್ಚುತ್ತದೆ, ವಾಸನೆಗೆ ಮತ್ತಷ್ಟು ಆಸಿಡ್ ಬೀಳುತ್ತದೆ. ಕಮೋಡಿನ ಕಲೆಗೆ ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಶನಿವಾರ ಶಾಲೆ ಬಿಟ್ಟ ಮೇಲೆ ಸುರಿದು ಬಿಡಿ, ಸೋಮವಾರ ಬ್ರಷ್ ಹಾಕಿ. ನೆನಪಿರಲಿ, ನಿಂಬೆ ಉಪ್ಪೂ ಆಮ್ಲವೇ. ಅದನ್ನೂ ಬ್ಲೀಚಿಂಗಿಗೆ ಸೇರಿಸುವಂತಿಲ್ಲ.

ಪ್ರಶ್ನೆ: ಹತ್ತು ಲೀಟರ್ ಬಕೆಟ್‌ಗೆ ಎಷ್ಟು ಬ್ಲೀಚಿಂಗ್ ಪುಡಿ ಹಾಕಬೇಕು? ನಮ್ಮಲ್ಲಿ ಕೈಯಳತೆಯೇ ಲೆಕ್ಕ.
(ಶಿಕ್ಷಕ, ರಾಯಚೂರು)

ಉತ್ತರ: ಶೌಚಾಲಯದ ನೆಲ, ಬಾಗಿಲ ಹಿಡಿ, ನಲ್ಲಿಗಳಿಗೆ ಶೇ 0.1 ಕ್ಲೋರಿನ್ ಸಾಕು. ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಶೇ 33 ಕ್ಲೋರಿನ್ ಇರುವುದರಿಂದ ಹತ್ತು ಲೀಟರ್‌ಗೆ 30 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಒಂದು ಪ್ಲಾಸ್ಟಿಕ್ ಲೋಟಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಪುಡಿಯ ಬದಲು ಶೇ 5 ಕ್ಲೋರಿನ್ ಇರುವ ಬ್ಲೀಚ್ ದ್ರಾವಣ ತಂದಿದ್ದರೆ ಹತ್ತು ಲೀಟರ್‌ಗೆ 200 ಮಿಲಿ. ವಾಂತಿ, ಭೇದಿ, ರಕ್ತ ಬಿದ್ದ ಜಾಗಕ್ಕೆ ಮಾತ್ರ ಇದರ ಐದು ಪಟ್ಟು ಬೇಕು.

ತಣ್ಣೀರು, ಪ್ಲಾಸ್ಟಿಕ್ ಬಕೆಟ್ ಬಳಸಿ. ನೀರಿಗೆ ಪುಡಿ ಹಾಕಿ ಕಲಕಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಮೊದಲು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದಿರಬೇಕು, ಕೊಳೆಯ ಮೇಲೆ ಸುರಿದರೆ ಕ್ಲೋರಿನ್ ಕೊಳೆಗೇ ಖರ್ಚಾಗಿಹೋಗುತ್ತದೆ. ಹತ್ತು ನಿಮಿಷ ಬಿಟ್ಟು ನೀರು ಹಾಕಿ. ಅಂದಿನ ದ್ರಾವಣ ಅಂದಿಗೇ. ಪುಡಿಯ ಚೀಲ ಬಾಯಿ ತೆರೆದು ತೇವದಲ್ಲಿದ್ದರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಆಸಿಡ್‌ನಿಂದ ದೂರ, ಬಿಸಿಯೂಟದ ದಾಸ್ತಾನು ಕೊಠಡಿಯ ಹೊರಗೆ ಇಡಿ.

ಪ್ರಶ್ನೆ: ಮಗನಿಗೆ ಅಸ್ತಮಾ. ಬೆಳಿಗ್ಗೆ ತರಗತಿಗೆ ಫಿನಾಯಿಲ್ ಹಾಕಿ ಒರೆಸಿದ ದಿನ ಕೆಮ್ಮು ಜೋರಾಗುತ್ತದೆ. ಶಾಲೆಯವರಿಗೆ ಏನು ಹೇಳಲಿ?
(ತಾಯಿ, ಮೈಸೂರು)

ಉತ್ತರ: ಒರೆಸುವುದನ್ನು ಸಂಜೆಗೆ ಬದಲಿಸಲು ಕೇಳಿ. ರಾತ್ರಿಯಿಡೀ ಆವಿ ಹೋಗಲು ಸಮಯ ಸಿಗುತ್ತದೆ. ಬೆಳಿಗ್ಗೆ ಮಕ್ಕಳು ಬರುವ ಮುನ್ನ ಕಿಟಕಿ ತೆರೆದರೆ ಸಾಕು. ತರಗತಿಯ ನೆಲಕ್ಕೆ ಫಿನಾಯಿಲ್ ಬೇಕಾಗಿಯೇ ಇಲ್ಲ. ಅಲ್ಲಿರುವುದು ಧೂಳು. ಬಕೆಟ್ ನೀರಿಗೆ ಒಂದು ಚಮಚ ಡಿಟರ್ಜೆಂಟ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳುವುದಿಲ್ಲ. ಸುವಾಸನೆಯ ಸ್ಪ್ರೇಗಳಂತೂ ಬೇಡ. ಸ್ಪ್ರೇ ಮಾಡಿದ ಸೂಕ್ಷ್ಮ ಹನಿಗಳು ಶ್ವಾಸನಾಳದ ಆಳಕ್ಕೆ ಇಳಿಯುತ್ತವೆ. ವೈದ್ಯರು ಬರೆದ ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ಕೊಳವೆಯ ಒಂದು ಜೊತೆ ಶಾಲೆಯಲ್ಲಿರಲಿ, ಬಳಸುವ ಕ್ರಮ ತರಗತಿ ಶಿಕ್ಷಕರಿಗೆ ತಿಳಿದಿರಲಿ.

ಒರೆಸುವ ಮಹಿಳೆಯ ಬಗ್ಗೆಯೂ ದಯವಿಟ್ಟು ಕೇಳಿ. ವರ್ಷಗಟ್ಟಲೆ ಈ ಆವಿ ಕುಡಿಯುವ ಸ್ವಚ್ಛತಾ ಕೆಲಸಗಾರರಲ್ಲಿ ಹೊಸದಾಗಿ ಅಸ್ತಮಾ ಕಾಣಿಸಿಕೊಳ್ಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮೂಗಿಗೆ ಕಟ್ಟಿದ ಸೆರಗು ಅನಿಲವನ್ನು ತಡೆಯುವುದಿಲ್ಲ. ಆಕೆಗೆ ಬೇಕಾದುದು ರಬ್ಬರ್ ಕೈಗವಸು, ಉದ್ದ ಹಿಡಿಯ ಬ್ರಷ್, ತೆರೆದ ಕಿಟಕಿ.

ಪ್ರಶ್ನೆ: ಮೂತ್ರಾಲಯದಲ್ಲಿ ನುಸಿಗುಳಿಗೆ ಇಡಬಹುದೇ?
(ಓದುಗ, ಶಿರಸಿ)

ಉತ್ತರ: ಬೇಡ. ಚಿಕ್ಕ ಮಕ್ಕಳು ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ನ್ಯಾಫ್ತಲೀನ್ ಗುಳಿಗೆಯಾದರೆ, ಜಿ6ಪಿಡಿ ಕಿಣ್ವದ ಕೊರತೆ ಇರುವ ಮಗುವಿನಲ್ಲಿ ಕೆಂಪು ರಕ್ತಕಣಗಳು ಒಡೆದು ಒಂದೆರಡು ದಿನದಲ್ಲಿ ಮೂತ್ರ ಕಪ್ಪಾಗಬಹುದು, ಕಣ್ಣು ಹಳದಿಯಾಗಬಹುದು. ಕೊರತೆ ಇದೆಯೆಂದು ಮನೆಯವರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಫಿನಾಯಿಲ್, ಆಸಿಡ್‌ಗಳನ್ನು ಹಳೆಯ ನೀರಿನ ಬಾಟಲಿಗಳಲ್ಲಿ ಇಡುತ್ತಾರೆ. ಮಗು ಕುಡಿದರೆ ಏನು ಮಾಡಬೇಕು?
(ಪೋಷಕರು, ತುಮಕೂರು)

ಉತ್ತರ: ವಾಂತಿ ಮಾಡಿಸಬೇಡಿ. ಉಪ್ಪುನೀರು, ನಿಂಬೆರಸ ಕುಡಿಸಬೇಡಿ. ಆಸಿಡ್ ಮೇಲೆ ಬರುವಾಗ ಅನ್ನನಾಳವನ್ನು ಎರಡನೇ ಬಾರಿ ಸುಡುತ್ತದೆ. ಫಿನಾಯಿಲ್ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಹೊಕ್ಕರೆ ನ್ಯುಮೋನಿಯಾ ಆಗುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ಬಾಟಲಿಯ ಸಮೇತ ಆಸ್ಪತ್ರೆಗೆ ಹೊರಡಿ. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದ ಮೇಲೆಯೇ ಹೊರಡಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಸಂಗ್ರಹದ ವಿಷಯದಲ್ಲಿ ಶಾಲೆಯನ್ನು ಕೇಳುವ ಹಕ್ಕು ನಿಮಗಿದೆ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ ಆಸಿಡ್ ಇಡುವ ಶಿಕ್ಷಣ ಸಂಸ್ಥೆ ಬಳಕೆಯ ದಾಖಲೆ ಪುಸ್ತಕ ಇಟ್ಟು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ಅದರ ಸುರಕ್ಷತೆಗೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡಬೇಕು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಆ ಪುಸ್ತಕವನ್ನೂ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನೂ ಕೇಳಿ.