ಪಾತ್ರೆ ತೊಳೆದ ಮಾತ್ರಕ್ಕೆ ಅಪ್ರೆಂಟಿಸ್ ಆಗೋದಿಲ್ಲ

ಹೋಟೆಲ್, ಬೇಕರಿ ಕೆಲಸ ಕಲಿಯುವ, ಕಲಿಸುವ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ನಾಲ್ಕನ್ನು ಆರಿಸಿದ್ದೇನೆ.

ಪ್ರಶ್ನೆ: ಮಗ ಪಿಯುಸಿಯಲ್ಲಿ ಫೇಲಾದ. 18 ತುಂಬಿದೆ. ಅಡುಗೆ ಅಂದರೆ ಅವನಿಗೆ ಆಸೆ. ಬೆಂಗಳೂರಿನ ಒಂದು ಹೋಟೆಲಿನವರು ‘ಅಪ್ರೆಂಟಿಸ್ ಆಗಿ ಬಾ, ಊಟ ಕೊಡ್ತೀವಿ, ತಿಂಗಳಿಗೆ 4,000’ ಎಂದು ಕರೆದರು. ಏಳು ತಿಂಗಳಾಯಿತು. ಈರುಳ್ಳಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಇಷ್ಟೇ. ಬೆಳಿಗ್ಗೆ ಐದಕ್ಕೆ ಎದ್ದರೆ ಮಲಗುವುದು ರಾತ್ರಿ ಹನ್ನೊಂದಕ್ಕೆ. ಕೇಳಿದರೆ ‘ಕಲಿಯೋಕೆ ಬಂದವನಿಗೆ ಇದೇ ಜಾಸ್ತಿ’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಕುಂದಾಪುರ

ಉತ್ತರ: ಅಮ್ಮಾ, ಇವತ್ತೇ ಮಗನಿಗೆ ಫೋನ್ ಮಾಡಿ ಒಂದು ವಿಷಯ ಕೇಳಿ. ಅಪ್ರೆಂಟಿಸ್ ಕರಾರಿಗೆ ಸಹಿ ಹಾಕಿದ್ದಾನಾ? ಅದು ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ? ‘ಎಂಥ ಕರಾರು?’ ಎಂದು ಅವನೇ ತಿರುಗಿ ಕೇಳಿದರೆ ಅವನು ಅಪ್ರೆಂಟಿಸ್ ಅಲ್ಲ, ಮಾಮೂಲಿ ಕೆಲಸಗಾರ. ಹಾಗಾದಾಗ ಹೋಟೆಲ್ ಕೆಲಸಕ್ಕೆ ರಾಜ್ಯ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ ಅವನಿಗೂ ಸಿಗಬೇಕು, ಅದನ್ನು ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು. ಮಾಲೀಕರು ಎರಡನ್ನೂ ತಮಗೆ ಬೇಕಾದ ಹಾಗೆ ಬಳಸುತ್ತಿದ್ದಾರೆ, ನೋಡಿ. ಕೂಲಿ ಕೇಳಿದರೆ ‘ನೀನು ಅಪ್ರೆಂಟಿಸ್’, ಕಲಿಸಿ ಅಂದರೆ ‘ಹೋಗಿ ಪಾತ್ರೆ ತೊಳಿ’.

ಕರಾರು ಇದ್ದರೆ ಅದರದ್ದೇ ಕಾಯ್ದೆ ಇದೆ, 1961ರದ್ದು. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಹತ್ತನೇ ತರಗತಿ ಪಾಸಾದವರಿಗೆ ಮೊದಲ ವರ್ಷ ತಿಂಗಳಿಗೆ ಕಡಿಮೆ ಎಂದರೂ 6,000 ರೂಪಾಯಿ ಕೊಡಬೇಕು. ಇದನ್ನು ಶೇ 36ರಷ್ಟು ಏರಿಸಿ ಎಂದು 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಷಿಪ್ ಮಂಡಳಿ ಶಿಫಾರಸು ಮಾಡಿತು. ಅದೇನೇ ಇರಲಿ, 4,000 ಅಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅಪ್ರೆಂಟಿಸ್‌ಷಿಪ್ ಸಲಹೆಗಾರ ಎಂಬ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕಾದ ಎಣ್ಣೆ ಸಿಡಿದು ಕೈ ಸುಟ್ಟರೆ ಪರಿಹಾರ ಮಾಲೀಕರದ್ದೇ. ಜಗಳ ಬಂದರೆ ಅದೇ ಸಲಹೆಗಾರರ ಮುಂದೆ ಹೋಗಬಹುದು. ಅವರ ಕಚೇರಿ ಎಲ್ಲಿ ಎಂದು ಹತ್ತಿರದ ಸರ್ಕಾರಿ ಐಟಿಐನಲ್ಲಿ ವಿಚಾರಿಸಿ.

ಈರುಳ್ಳಿ ಹೆಚ್ಚುವುದರಲ್ಲಿ ತಪ್ಪೇನಿಲ್ಲ ಬಿಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಆದರೆ ಒಂದೆರಡು ತಿಂಗಳಾದ ಮೇಲೆ ಗ್ರೈಂಡರ್ ಹತ್ತಿರ ನಿಂತು ಹಿಟ್ಟಿನ ಹದ ನೋಡಬೇಕು, ಆಮೇಲೆ ಚಟ್ನಿ, ಸಾಂಬಾರು, ಕೊನೆಗೆ ದೋಸೆ ಕಾವಲಿ. ಏಳು ತಿಂಗಳಿಗೂ ಒಲೆ ಮುಟ್ಟಿಸದವರು ಎಂಟನೇ ತಿಂಗಳು ಮುಟ್ಟಿಸುತ್ತಾರೆ ಎಂಬ ನಂಬಿಕೆ ನನಗಿಲ್ಲ. ಕರೆಸಿಕೊಳ್ಳಿ. ಫುಡ್ ಪ್ರೊಡಕ್ಷನ್, ಬೇಕರಿ ಕೋರ್ಸ್ ಇರುವ ಐಟಿಐಗಳಿವೆ, ಹುಡುಕಿ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಮದುವೆ ಅಡುಗೆ ಮಾಡುತ್ತಿದ್ದೇನೆ. ಕ್ಯಾಂಟೀನ್ ಟೆಂಡರಿಗೆ ಹೋದರೆ ಸರ್ಟಿಫಿಕೇಟ್ ಕೇಳುತ್ತಾರೆ. ಈ ವಯಸ್ಸಿನಲ್ಲಿ ಕ್ಲಾಸಿಗೆ ಹೋಗಲಾ?
– ಅಡುಗೆಯವರು, ಶಿವಮೊಗ್ಗ

ಉತ್ತರ: ಬೇಡ. ಮೊದಲೇ ಗೊತ್ತಿರುವ ಕೆಲಸವನ್ನು ಪರೀಕ್ಷೆ ಮಾಡಿ ಪತ್ರ ಕೊಡುವ ವ್ಯವಸ್ಥೆ ಇದೆ, ಆರ್‌ಪಿಎಲ್ ಅಂತಾರೆ. ಜಿಲ್ಲಾ ಕೌಶಲ್ಯ ಕಚೇರಿಯಲ್ಲಿ ಕೇಳಿ. ಜೊತೆಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿಯನ್ನೂ ಮುಗಿಸಿಕೊಳ್ಳಿ. ಆಹಾರ ಮುಟ್ಟುವ 25 ಜನರಿಗೆ ಆ ತರಬೇತಿ ಆದವರು ಒಬ್ಬರಾದರೂ ಇರಬೇಕು ಎಂಬುದು ಅವರ ಲೆಕ್ಕ, ಟೆಂಡರಿನವರು ಅದನ್ನೂ ಕೇಳಬಹುದು.

ಪ್ರಶ್ನೆ: ನನ್ನದು ಎಂಟು ಜನರ ಬೇಕರಿ. ಅಪ್ರೆಂಟಿಸ್ ತೆಗೆದುಕೊಳ್ಳಬಹುದಾ? ಕಲಿಸಿದ ಮೇಲೆ ಪಕ್ಕದ ಬೇಕರಿಗೆ ಓಡಿಹೋದರೆ?
– ಬೇಕರಿ ಮಾಲೀಕರು, ಹಾಸನ

ಉತ್ತರ: ಧಾರಾಳವಾಗಿ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಕಡ್ಡಾಯ, ನಾಲ್ಕರಿಂದ 29 ಜನ ಇದ್ದರೆ ಇಷ್ಟವಿದ್ದರೆ ಮಾತ್ರ. ನಿಮ್ಮಲ್ಲಿ ಒಬ್ಬರಿಗೆ ಜಾಗ ಇದೆ. 2016ರಲ್ಲಿ ಬಂದ ಎನ್‌ಎಪಿಎಸ್ ಎಂಬ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಸರ್ಕಾರದ್ದು. 6,000 ಎಂದರೆ ನಿಮ್ಮ ಕೈಯಿಂದ 4,500.

ಓಡಿಹೋಗುವ ವಿಷಯ. ಕಲಿತ ಮೇಲೆ ಇಷ್ಟು ದಿನ ಇಲ್ಲೇ ದುಡಿಯಬೇಕು ಎಂದು ಕರಾರಿನಲ್ಲಿ ಬರೆಸಬಹುದು, ಆದರೆ ಬರೆಸಿದರೆ ಅವನಿಗೆ ಕೆಲಸ ಕೊಡಲೇಬೇಕೆಂದು ನೀವೂ ಕಟ್ಟುಬೀಳುತ್ತೀರಿ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹಾಸನದ ಕಡೆಯಿಂದ ಹೋದವರು ಬೆಂಗಳೂರಿನ ಬೀದಿಬೀದಿಗೆ ಅಯ್ಯಂಗಾರ್ ಬೇಕರಿ ಇಟ್ಟರಲ್ಲ, ಅವರೆಲ್ಲ ಮಾವನ ಭಟ್ಟಿಯಲ್ಲೋ ಚಿಕ್ಕಪ್ಪನ ಭಟ್ಟಿಯಲ್ಲೋ ಬನ್ನು, ದಿಲ್‌ಪಸಂದ್ ಕಲಿತು ಆಮೇಲೆ ಇನ್ನೊಂದು ಬಡಾವಣೆಗೆ ಓಡಿಹೋದವರೇ ಅಲ್ವಾ?

ಪ್ರಶ್ನೆ: ಕಾಯ್ದೆ, ಯೋಜನೆ ಅಂತ ಸುಮ್ನೆ ಬರೀತೀರಿ. ಉಡುಪಿ ಹೋಟೆಲಿನವರು ಯಾವ ಐಟಿಐಗೆ ಹೋಗಿದ್ದರು?
– ನಿವೃತ್ತ ಹೋಟೆಲ್ ಮಾಲೀಕರು, ಮುಂಬೈ

ಉತ್ತರ: ಐಟಿಐಗೆ ಹೋಗಲಿಲ್ಲ, ನಿಜ. ಆದರೆ ನಿಮ್ಮ ಮುಂಬೈಯಲ್ಲೇ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ಟೇಬಲ್ ಒರೆಸಿದ ಹುಡುಗರು ರಾತ್ರಿ ಅಲ್ಲಿ ಕೂತು ಓದಿದರು. ಅಷ್ಟು ಹೊತ್ತಿಗೆ ಅವರನ್ನು ಕೆಲಸದಿಂದ ಬಿಟ್ಟ ಮಾಲೀಕರೂ ಇದ್ದರು. ಕಲಿಯುವವನಿಗೆ ಬೇಕಾದದ್ದು ಆ ಸಮಯ, ಅದನ್ನೇ ನಾನು ಕಾಗದದ ಮೇಲೆ ಬರೆಸಿ ಅನ್ನುವುದು.

ಸರ್ಕಾರದ ಕೆಲಸ ಸರಿ ಇದೆ ಅಂತ ನಾನೆಲ್ಲೂ ಹೇಳಿಲ್ಲ. 2014ರ ತಿದ್ದುಪಡಿಯಲ್ಲಿ ಮಾಲೀಕರಿಗಿದ್ದ ಜೈಲಿನ ಭಯ ತೆಗೆದರು, ಒಳ್ಳೆಯದೇ ಆಯಿತು. ಬದಲಿಗೆ ಇಟ್ಟ ದಂಡ ನೋಡಿ: ಸೇರಿಸಲೇಬೇಕಾದ ಸಂಖ್ಯೆಯಲ್ಲಿ ಕಡಿಮೆ ಬಿದ್ದ ಒಬ್ಬೊಬ್ಬ ಅಪ್ರೆಂಟಿಸ್‌ಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ 1,000. ಹುಡುಗನನ್ನು ಸೇರಿಸಿಕೊಂಡರೆ 4,500 ಖರ್ಚು, ಸೇರಿಸದಿದ್ದರೆ 1,000. ಗಲ್ಲಾದಲ್ಲಿ ಕೂತ ಯಾರು ಯಾವುದನ್ನು ಆರಿಸುತ್ತಾರೆ, ನೀವೇ ಹೇಳಿ. ಅದೂ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಹೋಟೆಲಿನ ಮಾತು. ನಮ್ಮ ದರ್ಶಿನಿ, ಬೇಕರಿ, ಖಾನಾವಳಿಗಳಲ್ಲಿ ಅಷ್ಟು ಜನ ಎಲ್ಲಿರುತ್ತಾರೆ?

ಕ್ಲೀನರ್ ಆಗಿ ಸೇರಿ ಮಾಲೀಕರಾದವರ ಕಥೆ ನಾವೆಲ್ಲ ಕೇಳಿದ್ದೇವೆ. ಕ್ಲೀನರ್ ಆಗಿ ಸೇರಿ ಕೂದಲು ಬೆಳ್ಳಗಾಗುವವರೆಗೂ ಕ್ಲೀನರ್ ಆಗಿಯೇ ಉಳಿದವರು ನಿಮ್ಮ ಹೋಟೆಲಿನಲ್ಲಿ ಎಷ್ಟು ಜನ ಇದ್ದರು? ನೆನಪಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.