ಓದುಗರ ಪ್ರಶ್ನೆ: ಬಾಳಿಕೆ ಬರುವ ಬೇಟೆಬಾಣ ಯಾವುದು?

ಪ್ರಶ್ನೆ: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿರುವ ನಾನು ಈ ಸಲ ಪರವಾನಗಿ ಪಡೆದು, ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವವನಿದ್ದೇನೆ. ಹೆಚ್ಚು ಬಾಳಿಕೆ ಬರುವುದು ಅಲ್ಯೂಮಿನಿಯಂ ಬಾಣವೋ, ಕಾರ್ಬನ್ ಬಾಣವೋ?

ಉತ್ತರ: ಕಾರ್ಬನ್ ಬಾಣವನ್ನೇ ಆರಿಸಿಕೊಳ್ಳಿ. ಅಲ್ಯೂಮಿನಿಯಂ ದಂಡ ಕಲ್ಲಿಗೋ ಮರಕ್ಕೋ ಬಡಿದು ಬಾಗಿದರೆ ತಾನಾಗಿ ನೆಟ್ಟಗಾಗುವುದಿಲ್ಲ. ಕಾರ್ಬನ್ ದಂಡ ಬಳುಕಿ ಮತ್ತೆ ನೆಟ್ಟಗಾಗುತ್ತದೆಯಾದರೂ, ಅದರಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಬಾಣ ಬಿಟ್ಟ ಕ್ಷಣದಲ್ಲೇ ಸೀಳಿ, ಬಿಲ್ಲು ಹಿಡಿದ ಕೈಗೆ ನಾಟಿಕೊಳ್ಳಬಹುದು. ಆದ್ದರಿಂದ ಹೂಡುವ ಮುನ್ನ ಪ್ರತಿ ಬಾಣದ ಎರಡೂ ತುದಿ ಹಿಡಿದು, ತಿರುಗಿಸುತ್ತ ಮೆಲ್ಲಗೆ ಬಾಗಿಸಿ ಕಿವಿಗೊಡಿ. ಚಟಪಟ ಸದ್ದು ಕೇಳಿದರೆ ಅಥವಾ ಬೆರಳಿಗೆ ಎಳೆ ತಾಗಿದರೆ, ಎಷ್ಟೇ ದುಬಾರಿಯದಾದರೂ ಮರುಗದೆ ಅದನ್ನು ಮುರಿದು ಬಿಸಾಡಿ.

ದಂಡದ ಮೇಲಿನ 340, 400, 500 ಎಂಬ ಅಂಕಿಗಳು ಗಡಸುತನವನ್ನು, ಅಂದರೆ ದಂಡ ಬಾಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದನ್ನು ಸೂಚಿಸುತ್ತವೆ. ಅಂಕಿ ಕಿರಿದಾದಷ್ಟೂ ದಂಡ ಗಡುಸು. ಬಿಲ್ಲಿನ ಸೆಳೆತ (ಹೆದೆ ಎಳೆಯಲು ಬೇಕಾದ ಬಲ), ಬಾಣದ ಉದ್ದ, ಮೊನೆಯ ತೂಕ ಈ ಮೂರನ್ನೂ ತಯಾರಕರ ಪಟ್ಟಿಯೊಂದಿಗೆ ತಾಳೆ ನೋಡಿಯೇ ಕೊಳ್ಳಿ. ತೀರ ಹಗುರವಾದ ಬಾಣ ಬಿಲ್ಲಿಗೇ ಪೆಟ್ಟು: ಸೆಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ), ಅಂದರೆ 60 ಪೌಂಡಿನ ಬಿಲ್ಲಿಗೆ 300 ಗ್ರೇನ್ ತೂಕವಾದರೂ ಇರಬೇಕು. ಜಿಂಕೆಯ ಬೇಟೆಗಾದರೆ 400 ಗ್ರೇನ್ ದಾಟಿದ ಬಾಣವನ್ನೇ ನಾನು ಬಯಸುತ್ತೇನೆ, ಏಕೆಂದರೆ ಅದು ಆಳಕ್ಕೆ ಇಳಿದು ಪ್ರಾಣಿಯನ್ನು ನರಳಿಸದೆ ಬೇಗ ಕೆಡವುತ್ತದೆ.