ಒಂದೇ ಕಾಲಲ್ಲಿ ನೋವು ಅಂದರೆ ಇವತ್ತೇ ತೋರಿಸಿ

ಗರ್ಭನಿರೋಧಕ ಮಾತ್ರೆ ಶುರು ಮಾಡಿ ಎರಡು ತಿಂಗಳಾಯ್ತು, ಎಡ ಮೀನಖಂಡ ಮಾತ್ರ ನೋಯುತ್ತಿದೆ, ಸುಮ್ನೆ ಸ್ನಾಯು ಹಿಡಿದಿರಬಹುದಾ ಎಂದು ಕೇಳಿದ್ದೀರಿ. ಇರಬಹುದು. ಆದರೆ ಒಂದೇ ಕಾಲು ಅನ್ನೋದನ್ನು ಹಗುರವಾಗಿ ತಗೊಳ್ಳಬೇಡಿ. ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆಯಾದರೆ ರಕ್ತನಾಳದಲ್ಲಿ, ಹೆಚ್ಚಾಗಿ ಕಾಲಿನಲ್ಲಿ, ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ. ಹಾಗಂತ ಗಾಬರಿ ಬೇಡ, ವರ್ಷಕ್ಕೆ 10,000 ಮಂದಿಯಲ್ಲಿ 3ರಿಂದ 9 ಜನರಿಗೆ ಆಗುವಂಥದ್ದು.

ಎರಡೂ ಮೀನಖಂಡವನ್ನು ಒಂದೇ ಎತ್ತರದಲ್ಲಿ ಟೇಪಿನಿಂದ ಅಳೆಯಿರಿ. ನೋಯುವ ಕಡೆಯ ಸುತ್ತಳತೆ ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಜಾಸ್ತಿ ಇದ್ದರೆ, ಮುಟ್ಟಿದರೆ ಬಿಸಿ ಅನಿಸಿದರೆ ಅನುಮಾನ ಇನ್ನೂ ಗಟ್ಟಿ. ಅಳತೆ ಸಮ ಬಂತು ಅಂತ ಮನೆಯಲ್ಲೇ ಕೂರಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ, ಮಾತ್ರೆಯ ಹೆಸರು ಹೇಳಿ, ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಸ್ಕ್ಯಾನ್) ಬೇಕಾ ಎಂದು ನೀವೇ ಕೇಳಿ. ಅಲ್ಲಿಯವರೆಗೆ ಕಾಲು ತಿಕ್ಕಿಸಿಕೊಳ್ಳಬೇಡಿ. ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ನೇರ ಎಮರ್ಜೆನ್ಸಿಗೆ ಹೋಗಿ.